ಆರ್‌ಸಿ ಟಗ್ ಬೋಟಿನ ದೀಪಗಳು ಸುಟ್ಟುಹೋಗಿವೆ: ಹಳೇ ಬಲ್ಬೇ ಹುಡುಕಲಾ, ಎಲ್‌ಇಡಿ ಹಾಕಲಾ?

ತಿಪಟೂರು ಟಗ್

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪ ದುಬೈನಲ್ಲಿ ಕೆಲಸದಲ್ಲಿದ್ದಾಗ ಆರ್‌ಸಿ, ಅಂದರೆ ರಿಮೋಟಿನಲ್ಲಿ ಓಡಿಸುವ, ಒಂದು ಟಗ್ ಬೋಟಿನ ಕಿಟ್ ತಂದು, ಎರಡು ವರ್ಷ ಕೂತು ಜೋಡಿಸಿದ್ದರು. ದೊಡ್ಡ ಹಡಗುಗಳನ್ನು ಬಂದರಿನೊಳಗೆ ಎಳೆದು ತರುತ್ತದಲ್ಲ, ಆ ಥರದ ಗಿಡ್ಡ ಬೋಟು. ಉದ್ದ 75 ಸೆಂಟಿಮೀಟರ್. ಒಡಲು ಎಬಿಎಸ್ ಪ್ಲಾಸ್ಟಿಕ್ಕು, ಮಾಸ್ಟ್ (ದೀಪ ಕೂರಿಸುವ ಕಂಬ) ಮಾತ್ರ ಹಿತ್ತಾಳೆ ಕೊಳವೆ. ನಾನು ಹೈಸ್ಕೂಲಿನಲ್ಲಿದ್ದಾಗ ಸಂಜೆ ಹೊತ್ತು ಊರ ಕೆರೆಯಲ್ಲಿ ಇದನ್ನು ಬಿಡುತ್ತಿದ್ದರು. ದೀಪ ಹಚ್ಚಿದರೆ ಏರಿ ಮೇಲೆ ಹೋಗುವವರೆಲ್ಲ ಸೈಕಲ್ ನಿಲ್ಲಿಸಿ ನೋಡುತ್ತಿದ್ದರು.

ಹತ್ತು ವರ್ಷದಿಂದ ಅದು ಅಟ್ಟದ ಮೇಲಿತ್ತು. ಹೋದ ತಿಂಗಳು ಇಳಿಸಿದೆ. ಹಳೇ ಲೆಡ್ ಬ್ಯಾಟರಿ ಸತ್ತುಹೋಗಿತ್ತು. ಎರಡು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ತಂದು ಹಾಕಿದೆ. ಮೋಟಾರ್ ಚೆನ್ನಾಗಿ ತಿರುಗಿತು. ದೀಪ ಹಾಕಿದೆ, ಅಷ್ಟು ಬೆಳಕು ನಾನು ಆ ಬೋಟಿನಲ್ಲಿ ಯಾವತ್ತೂ ನೋಡಿರಲಿಲ್ಲ. ಹತ್ತು ನಿಮಿಷ ಆಗಿರಬೇಕು, ಒಂದಾದ ಮೇಲೆ ಒಂದು ಆರಿಹೋಯಿತು. ಮಾಸ್ಟಿನ ಎರಡು, ಎಡ ಬಲದ ಕೆಂಪು ಹಸಿರು, ಹಿಂದಿನ ಬಿಳಿ, ಎಲ್ಲವೂ ಹೋದವು. ಚಾಲಕನ ಕೋಣೆಯೊಳಗಿನದು ಒಂದೇ ಉಳಿದಿದೆ.

ಗೋಧಿಕಾಳಿನಷ್ಟು ಸಣ್ಣ ಬಲ್ಬುಗಳು ಇವು. ಹೊಸದು ಎಲ್ಲಿ ಸಿಗುತ್ತದೆ? ಅಥವಾ ಎಲ್‌ಇಡಿ ಹಾಕಬಹುದಾ? ದೀಪಾವಳಿಗೆ ಚಿಕ್ಕಪ್ಪ ಶಿವಮೊಗ್ಗದಿಂದ ಊರಿಗೆ ಬರುತ್ತಾರೆ. ಅಷ್ಟರಲ್ಲಿ ಬೋಟು ಮೊದಲಿನ ಹಾಗೆ ಬೆಳಗಬೇಕು ಅಂತ ಆಸೆ. ಸೋಲ್ಡರಿಂಗ್ ಸ್ವಲ್ಪ ಬರುತ್ತದೆ.

ಲ್ಯಾಬ್ ಟೀಚರ್

ಹೊಸದು ಹಾಕುವ ಮುಂಚೆ ಹಳೆಯದು ಯಾಕೆ ಸುಟ್ಟಿತು ಅಂತ ಗೊತ್ತಾಗಬೇಕು. ಇಲ್ಲದಿದ್ದರೆ ಹೊಸದಕ್ಕೂ ಹತ್ತೇ ನಿಮಿಷ. ಹಳೇ ಬ್ಯಾಟರಿ ಎಷ್ಟು ವೋಲ್ಟಿನದು? ಬಲ್ಬಿನ ಮೇಲೆ ಏನಾದರೂ ಬರೆದಿದೆಯಾ?

ತಿಪಟೂರು ಟಗ್

ಬಲ್ಬಿನ ಮೇಲೆ ಏನೂ ಇಲ್ಲ ಮೇಡಂ. ಹಳೇ ಬ್ಯಾಟರಿ 6 ವೋಲ್ಟ್, 4.5 ಆಂಪ್ ಅವರ್. ಎಮರ್ಜೆನ್ಸಿ ಲೈಟಿಗೆ ಹಾಕುತ್ತಾರಲ್ಲ, ಅದೇ.

ಲ್ಯಾಬ್ ಟೀಚರ್

ಹಾಗಾದರೆ ಬಲ್ಬುಗಳೂ 6 ವೋಲ್ಟಿನವೇ. ತಪ್ಪು ಆಗಿದ್ದು ಅಲ್ಲೇ. ಲಿಪೋ ಮೇಲೆ 7.4 ಅಂತ ಬರೆದಿರುತ್ತದೆ, ಆದರೆ ಫುಲ್ ಚಾರ್ಜ್ ಆದಾಗ ಅದು 8.4 ವೋಲ್ಟ್ ಕೊಡುತ್ತದೆ. ಬಲ್ಬಿಗೆ ಬೇಕಾದದ್ದಕ್ಕಿಂತ ಶೇಕಡಾ 40 ಜಾಸ್ತಿ ಆಯಿತು. ತಂತಿ ಕಾದು ಬೆಳಗುವ ಬಲ್ಬು ಈ ವಿಷಯದಲ್ಲಿ ತುಂಬಾ ಸೂಕ್ಷ್ಮ. ವೋಲ್ಟೇಜು ಏರಿದರೆ ಅದರ ಆಯಸ್ಸು 12ನೇ ಘಾತದ ಲೆಕ್ಕದಲ್ಲಿ, ಕೆಲವೊಮ್ಮೆ ಅದಕ್ಕೂ ವೇಗವಾಗಿ, ಇಳಿಯುತ್ತದೆ. ಬರೀ ಶೇಕಡಾ 5 ಜಾಸ್ತಿಯಾದರೆ ಆಯಸ್ಸು ಹತ್ತಿರ ಹತ್ತಿರ ಅರ್ಧ. ಶೇಕಡಾ 40 ಅಂದರೆ ಐವತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಅವು ಹತ್ತು ನಿಮಿಷ ತಡೆದದ್ದೇ ದೊಡ್ಡದು.

ಹಳೇ ಬಲ್ಬಿನ ಹಳದಿ ಬೆಳಕೇ ಬೇಕು ಅಂದರೆ ಅದಕ್ಕೂ ದಾರಿ ಇದೆ. ವೋಲ್ಟೇಜ್ ಇಳಿಸುವ ಸಣ್ಣ ಬಕ್ ಮಾಡ್ಯೂಲ್ ಹಾಕಿ, 5 ವೋಲ್ಟಿಗೆ ಇಳಿಸಿ ಕೊಟ್ಟರೆ 6 ವೋಲ್ಟಿನ ಬಲ್ಬು ವರ್ಷಗಟ್ಟಲೆ ಬಾಳುತ್ತದೆ. ಆದರೆ ಇನ್ನೊಮ್ಮೆ ಹೋದರೆ ಮತ್ತೆ ಮಾಸ್ಟ್ ಬಿಚ್ಚಬೇಕು. ನನ್ನ ಮಾತು ಕೇಳಿದರೆ ಎಲ್‌ಇಡಿ ಹಾಕಿ.

ಎಲ್‌ಇಡಿ ಬಲ್ಬಿನ ಹಾಗಲ್ಲ. ಅದನ್ನು ನೇರವಾಗಿ ಬ್ಯಾಟರಿಗೆ ಕೊಟ್ಟರೆ ಆ ಕ್ಷಣವೇ ಹೋಗುತ್ತದೆ. ಜೊತೆಗೆ ಕರೆಂಟನ್ನು ಮಿತಿಯಲ್ಲಿಡುವ ಒಂದು ರೆಸಿಸ್ಟರ್ ಇರಲೇಬೇಕು. ಲೆಕ್ಕ ಸುಲಭ. ಬ್ಯಾಟರಿಯ ವೋಲ್ಟಿನಿಂದ ಎಲ್‌ಇಡಿ ಉಳಿಸಿಕೊಳ್ಳುವ ವೋಲ್ಟ್ ಕಳೆಯಿರಿ, ಉಳಿದದ್ದನ್ನು ಕರೆಂಟಿನಿಂದ ಭಾಗಿಸಿ. ಕೆಂಪು ಸುಮಾರು 2 ವೋಲ್ಟ್ ಉಳಿಸಿಕೊಳ್ಳುತ್ತದೆ. ಹಸಿರು, ಬಿಳಿ ಸುಮಾರು 3. ನಿಮಗೆ 10 ಮಿಲಿಆಂಪ್ ಧಾರಾಳ ಸಾಕು. ಕೆಂಪಿಗೆ 8.4ರಲ್ಲಿ 2 ಕಳೆದರೆ 6.4, ಅದನ್ನು 0.01ರಿಂದ ಭಾಗಿಸಿದರೆ 640 ಓಮ್. ಅಂಗಡಿಯಲ್ಲಿ ಸಿಗುವುದು 680, ನೀಲಿ ಬೂದು ಕಂದು ಪಟ್ಟಿ. ಹಸಿರು ಮತ್ತು ಬಿಳಿಗೆ 540 ಬರುತ್ತದೆ, 560 ಹಾಕಿ, ಹಸಿರು ನೀಲಿ ಕಂದು. ಕಾಲು ವ್ಯಾಟಿನ ರೆಸಿಸ್ಟರ್ ಸಾಕು. ಲೆಕ್ಕಕ್ಕೆ ಯಾವಾಗಲೂ 8.4 ಹಿಡಿಯಿರಿ, 7.4 ಅಲ್ಲ.

ಒಂದೊಂದು ಎಲ್‌ಇಡಿಗೂ ಅದರದೇ ರೆಸಿಸ್ಟರ್ ಇರಲಿ. ಎಲ್ಲಕ್ಕೂ ಸೇರಿಸಿ ಒಂದೇ ಹಾಕಿ ಉಳಿಸೋಣ ಅಂತ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಮಾಡುತ್ತಾರೆ. ಕೆಂಪಿಗೆ ಕಡಿಮೆ ವೋಲ್ಟ್ ಸಾಕಲ್ಲ, ಅದೇ ಎಲ್ಲ ಕರೆಂಟನ್ನೂ ಎಳೆದುಕೊಳ್ಳುತ್ತದೆ. ಹಸಿರು ಕತ್ತಲಲ್ಲೇ ಇರುತ್ತದೆ.

ಹೊಸ ಕೈ

ಗಣೇಶನ ಹಬ್ಬಕ್ಕೆ ಹಾಕುವ ಸೀರಿಯಲ್ ಸೆಟ್ ಬಿಚ್ಚಿ ಅದರ ಬಲ್ಬೇ ಹಾಕಬಾರದಾ? ಮನೆಯಲ್ಲಿ ಎರಡು ಸೆಟ್ ಸುಮ್ನೆ ಬಿದ್ದಿವೆ. ದೀಪದ ಮೇಲಿನ ಬಣ್ಣದ ಲೆನ್ಸ್ ಅಂಟಿ ಕೂತಿದ್ದರೆ ನೇಲ್ ಪಾಲಿಶ್ ತೆಗೆಯುವ ದ್ರವ ಹಾಕಿ, ಬೇಗ ಬಿಡುತ್ತದೆ.

ಲ್ಯಾಬ್ ಟೀಚರ್

ಸೀರಿಯಲ್ ಸೆಟ್ಟಿನ ಎಲ್‌ಇಡಿ ತೆಗೆದು ಬಳಸಬಹುದು, ತಪ್ಪಿಲ್ಲ. ರೆಸಿಸ್ಟರ್ ಮಾತ್ರ ಮೇಲೆ ಹೇಳಿದ ಹಾಗೆ. ಆ ಇನ್ನೊಂದು ಸಲಹೆ ದಯವಿಟ್ಟು ಬೇಡ. ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಹೆಚ್ಚಾಗಿ ಅಸಿಟೋನ್ ಇರುತ್ತದೆ. ಎಬಿಎಸ್ ಅದರಲ್ಲಿ ಕರಗುತ್ತದೆ. ಒಂದು ಹನಿ ಜಾರಿದರೂ ಚಿಕ್ಕಪ್ಪನವರ ಎರಡು ವರ್ಷದ ಕೆಲಸದ ಮೇಲೆ ಮಾಸದ ಕಲೆ ಉಳಿಯುತ್ತದೆ. ಹೇರ್ ಡ್ರೈಯರಿನಿಂದ ದೂರದಲ್ಲಿಟ್ಟು ಸ್ವಲ್ಪ ಬಿಸಿ ಮಾಡಿ, ತೆಳು ಬ್ಲೇಡಿನಿಂದ ಸುತ್ತಲೂ ನಿಧಾನ ಬಿಡಿಸಿ.

ಹೊಸ ಕೈ

ಗೊತ್ತಿರಲಿಲ್ಲ ಮೇಡಂ. ಒಳ್ಳೆಯದಾಯಿತು ಹೇಳಿದ್ದು.

ವೈಂಡಿಂಗ್ ಅಂಗಡಿ ದಾವಣಗೆರೆ

ತಿಪಟೂರಿನವರೇ, ವೈರಿನ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಮಾಸ್ಟಿನ ಕೊಳವೆಯೊಳಗೆ ಹಳೇ ವೈರು ಇದೆಯಲ್ಲ, ಅದನ್ನು ಎಳೆದು ಬಿಸಾಡಬೇಡಿ. ಅದರ ತುದಿಗೆ ಹೊಸ ವೈರು ಕಟ್ಟಿ, ಗಂಟಿನ ಮೇಲೆ ಒಂದು ಹನಿ ಸೋಲ್ಡರ್ ಬಿಟ್ಟು ನುಣುಪು ಮಾಡಿ, ಕೆಳಗಿನಿಂದ ಎಳೆಯಿರಿ. ಮನೆ ವೈರಿಂಗಿನಲ್ಲಿ ಪೈಪಿನೊಳಗೆ ಸ್ಪ್ರಿಂಗ್ ಹಾಕಿ ಎಳೆಯುವ ಹಾಗೆ ಇಲ್ಲಿ ಹಳೇ ವೈರೇ ಸ್ಪ್ರಿಂಗು.

ಕೊಳವೆ ಸಣ್ಣದಿದ್ದರೆ ಪ್ಲಾಸ್ಟಿಕ್ ಹೊದಿಕೆಯ ವೈರು ಎರಡು ಹಿಡಿಸುವುದಿಲ್ಲ. ನಿಮ್ಮೂರಿನ ಯಾವುದೇ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ 36 ಗೇಜಿನ ತಾಮ್ರದ ವೈಂಡಿಂಗ್ ವೈರು ಎರಡು ಮೂರು ಮೀಟರ್ ಕೇಳಿ. 0.2 ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ದಪ್ಪ. ಅಷ್ಟಕ್ಕೆ ಯಾರೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಇದರ ಮೇಲೆ ಎನಾಮೆಲ್ ಇರುತ್ತದೆ, ಅದೇ ಇನ್ಸುಲೇಷನ್ನು. ತುದಿಯಲ್ಲಿ ಬ್ಲೇಡಿನಿಂದ ಕೆರೆದು ತಾಮ್ರ ಹೊಳೆದ ಮೇಲೇ ಸೋಲ್ಡರ್ ಹಚ್ಚಿ. ಕೆರೆಯದೆ ಹಚ್ಚಿದರೆ ಮೇಲೆ ಕೂತ ಹಾಗೆ ಕಾಣುತ್ತದೆ, ಒಳಗೆ ಹಿಡಿದಿರುವುದಿಲ್ಲ. ಕೊಳವೆಯ ಬಾಯಿ ಚೂಪಾಗಿದ್ದರೆ ಎನಾಮೆಲ್ ಸೀಳುತ್ತದೆ, ಮೊದಲು ಅರದಿಂದ ಉಜ್ಜಿ.

ಇನ್ನೊಂದು ವಿಷಯ. ಹಳೇ ಕಾಲದ ಕಿಟ್ಟುಗಳಲ್ಲಿ ಹಿತ್ತಾಳೆ ಮಾಸ್ಟನ್ನೇ ಒಂದು ವೈರಾಗಿ ಬಳಸುತ್ತಿದ್ದರು. ಬಲ್ಬಿಗೆ ಪ್ಲಸ್ ಮೈನಸ್ ಅಂತ ಇಲ್ಲ, ಹೇಗಿದ್ದರೂ ಉರಿಯುತ್ತದೆ. ಎಲ್‌ಇಡಿ ಹಾಗಲ್ಲ. ಮಾಸ್ಟಿಗೆ ಬಂದಿರುವುದು ಪ್ಲಸ್ಸಾ ಮೈನಸ್ಸಾ ಅಂತ ಮೀಟರ್ ಹಿಡಿದು ನೋಡಿಕೊಳ್ಳಿ. ಎಲ್‌ಇಡಿಯ ಉದ್ದ ಕಾಲು ಪ್ಲಸ್ಸು. ಕಾಲು ಕತ್ತರಿಸುವ ಮುಂಚೆ ಗುರುತು ಮಾಡಿ.

ಇಷ್ಟು ಸಣ್ಣ ವೈರು, ಹಿಂದೆ ಲಿಪೋ. ಎಲ್ಲಾದರೂ ಶಾರ್ಟ್ ಆದರೆ ವೈರು ಕೆಂಡದ ಹಾಗೆ ಕೆಂಪಾಗುತ್ತದೆ. ದೀಪದ ಲೈನಿಗೆ ಬ್ಯಾಟರಿಯ ಪಕ್ಕದಲ್ಲೇ ಅರ್ಧ ಅಥವಾ ಒಂದು ಆಂಪಿನ ಫ್ಯೂಸ್ ಹಾಕಿ. ಇದನ್ನು ಮಾತ್ರ ಬಿಡಬೇಡಿ.

ಮಲ್ಪೆ ಬೋಟು

ನಮ್ಮದು ಟ್ರಾಲ್ ಬೋಟಿನ ಮನೆ. ಅದಕ್ಕೆ ಈ ಪ್ರಶ್ನೆ ನೋಡಿ ಖುಷಿಯಾಯಿತು. ದೀಪ ಬದಲಾಯಿಸುತ್ತೀರಿ ಅಂದ ಮೇಲೆ ಸರಿಯಾದ ದೀಪವನ್ನೇ ಹಾಕಿ ಮಾರಾಯ್ರೆ. ಸಮುದ್ರದಲ್ಲಿ ದೀಪ ಅಂದರೆ ಅಲಂಕಾರ ಅಲ್ಲ, ಅದೊಂದು ಭಾಷೆ. 1972ರಲ್ಲಿ ಒಪ್ಪಿಕೊಂಡ ನಿಯಮಗಳು ಎಲ್ಲ ದೇಶದ ಹಡಗುಗಳಿಗೂ ಒಂದೇ.

ಬೋಟಿನಲ್ಲಿ ನಿಂತು ಮುಂದಕ್ಕೆ ನೋಡುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಎರಡೂ ನೇರ ಮುಂದಿನಿಂದ ಹಿಡಿದು ತಂತಮ್ಮ ಬದಿಗೆ 112.5 ಡಿಗ್ರಿ ಕಾಣಬೇಕು. ಹಿಂದಿನ ಬಿಳಿ 135 ಡಿಗ್ರಿ, ಮಾಸ್ಟಿನ ಬಿಳಿ ಮುಂದಕ್ಕೆ 225 ಡಿಗ್ರಿ. ಕೆಂಪು, ಹಸಿರು, ಹಿಂದಿನ ಬಿಳಿ ಮೂರನ್ನೂ ಕೂಡಿಸಿ ನೋಡಿ, ಒಂದು ಪೂರ್ತಿ ಸುತ್ತು. ಅಂದರೆ ಎಲ್ಲಿ ನಿಂತು ನೋಡಿದರೂ ಈ ಬೋಟು ಯಾವ ಕಡೆ ಮುಖ ಮಾಡಿದೆ ಅಂತ ತಿಳಿಯುತ್ತದೆ. ಕೆಂಪು ಹಸಿರು ಎರಡೂ ಕಂಡರೆ ನಮ್ಮ ಕಡೆಗೇ ಬರುತ್ತಿದೆ. ಬರೀ ಹಿಂದಿನ ಬಿಳಿ ಕಂಡರೆ ಆಚೆ ಹೋಗುತ್ತಿದೆ. ರಿಮೋಟ್ ಹಿಡಿದವರಿಗೆ ಇದು ಇನ್ನೂ ಮುಖ್ಯ ಅಲ್ವಾ? ಬೋಟು ನಿಮ್ಮ ಕಡೆ ಬರುವಾಗ ಎಡ ಬಲ ತಿರುಗಾಮುರುಗಾ ಆಗುತ್ತದೆ. ಕತ್ತಲಲ್ಲಿ ಕಣ್ಣಿಗೆ ಕಾಣುವುದು ದೀಪ ಒಂದೇ.

ನಿಮ್ಮದು ಟಗ್, ಅದಕ್ಕೆ ಬೇರೆ ನಿಯಮ ಉಂಟು. ಖಾಲಿ ಓಡುವಾಗ ಮಾಸ್ಟಿನಲ್ಲಿ ಒಂದೇ ಬಿಳಿ ದೀಪ. ಏನಾದರೂ ಎಳೆದುಕೊಂಡು ಹೋಗುವಾಗ ಒಂದರ ಮೇಲೊಂದು ಎರಡು. ಎಳೆಯುವ ಉದ್ದ 200 ಮೀಟರ್ ದಾಟಿದರೆ ಮೂರು. ಎಳೆಯುವಾಗಲೆಲ್ಲ ಹಿಂದಿನ ಬಿಳಿಯ ಮೇಲೆ ಒಂದು ಹಳದಿಯೂ ಬೇಕು. ನಿಮ್ಮ ಚಿಕ್ಕಪ್ಪ ಮಾಸ್ಟಿನಲ್ಲಿ ಎರಡು ಹಾಕಿದ್ದು ಅದಕ್ಕೇ ಇರಬೇಕು. ಎರಡಕ್ಕೂ ಬೇರೆ ಬೇರೆ ಸ್ವಿಚ್ ಇದೆಯಾ ನೋಡಿ.

ತಿಪಟೂರು ಟಗ್

ಇದೆ! ಒಂದು ಸ್ವಿಚ್ಚಿನ ಪಕ್ಕ ಚಿಕ್ಕಪ್ಪನ ಕೈಬರಹದಲ್ಲಿ "ಎಳೆ" ಅಂತ ಬರೆದಿದೆ. ಇಷ್ಟು ವರ್ಷ ಅದು ಏನು ಅಂತ ಗೊತ್ತಿರಲಿಲ್ಲ. ಹಿಂಭಾಗದಲ್ಲಿ ಬಿಳಿ ದೀಪದ ಮೇಲೆ ಇನ್ನೊಂದು ಖಾಲಿ ತೂತೂ ಇದೆ. ಹಳದಿಗೆ ಅಂತಲೇ ಬಿಟ್ಟಿದ್ದರೇನೋ. ಅದನ್ನೂ ಹಾಕುತ್ತೇನೆ. ನಿಮಗೆ ತುಂಬಾ ಥ್ಯಾಂಕ್ಸ್.

ಕೆಂಪು ಲೆನ್ಸಿನ ಹಿಂದೆ ಬಿಳಿ ಎಲ್‌ಇಡಿ ಹಾಕಿದರೆ ನಡೆಯುತ್ತದಾ ಅಥವಾ ಕೆಂಪೇ ಬೇಕಾ?

ಲ್ಯಾಬ್ ಟೀಚರ್

ಕೆಂಪು ಲೆನ್ಸಿಗೆ ಕೆಂಪು, ಹಸಿರಿಗೆ ಹಸಿರು. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ನೀಲಿ ಜಾಸ್ತಿ, ಕೆಂಪು ಕಡಿಮೆ. ಕೆಂಪು ಲೆನ್ಸಿನಿಂದ ಮಂಕಾದ ಗುಲಾಬಿ ಬೆಳಕು ಬರುತ್ತದೆ. ಮಾಸ್ಟಿಗೂ ಹಿಂದಕ್ಕೂ ವಾರ್ಮ್ ವೈಟ್ ಕೇಳಿ ತನ್ನಿ. ತಣ್ಣನೆ ಬಿಳಿ ಹಾಕಿದರೆ ಬೋಟು ಮೊಬೈಲ್ ಟಾರ್ಚಿನ ಹಾಗೆ ಕಾಣುತ್ತದೆ. ಹಳದಿಗೆ ಕೆಂಪಿನ ಲೆಕ್ಕವೇ, 680.

3 ಮಿಲಿಮೀಟರಿನವು ನಿಮ್ಮ ಗೂಡಿಗೆ ಕೂರಬಹುದು. ಪಾರದರ್ಶಕ ತಲೆಯ ಎಲ್‌ಇಡಿಗಳು ಬೆಳಕನ್ನು ನೇರ ಮುಂದಕ್ಕಷ್ಟೇ ಎಸೆಯುತ್ತವೆ, ಪಕ್ಕದಿಂದ ನೋಡಿದರೆ ಮಂಕು. ಅದಕ್ಕೆ ಗುಂಡಗಿನ ತಲೆಯನ್ನು ಅರದಿಂದ ಚಪ್ಪಟೆ ಮಾಡಿ, 400 ನಂಬರ್ ಸ್ಯಾಂಡ್ ಪೇಪರಿನಿಂದ ಉಜ್ಜಿ ಮಬ್ಬು ಮಾಡಿ. ಬೆಳಕು ಎಲ್ಲ ಕಡೆ ಹರಡುತ್ತದೆ. ಚಾಲಕನ ಕೋಣೆಗೆ 2.2 ಕಿಲೋಓಮ್ ಹಾಕಿ, ಅಲ್ಲಿ ಬೆಳಕು ಕಡಿಮೆ ಇದ್ದಷ್ಟೂ ಚಂದ. ಗೋಡೆಯ ಪ್ಲಾಸ್ಟಿಕ್ಕೇ ಹೊಳೆಯುತ್ತಿದ್ದರೆ ಒಳಗಿನಿಂದ ಕಪ್ಪು ಬಣ್ಣ ಬಳಿಯಿರಿ.

ಮಲ್ಪೆ ಬೋಟು

ಕೆಂಪು ಹಸಿರಿನ ಬೆಳಕು ಆಚೆ ಬದಿಗೆ ಹೋಗದ ಹಾಗೆ ಒಳಬದಿಯಲ್ಲಿರುವ ತಡೆಗೂ ಹೊಳಪಿಲ್ಲದ ಕಪ್ಪೇ ಬಳಿಯಿರಿ. ನಿಜವಾದ ಹಡಗುಗಳಲ್ಲೂ ಹಾಗೇ ಉಂಟು.

ಬೇ ಏರಿಯಾ ಕನ್ನಡಿಗ

ನಾನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದೇನೆ. ಇಲ್ಲಿ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಸ್ಪ್ರೆಕಲ್ಸ್ ಲೇಕ್ ಅಂತ ಒಂದು ಕೊಳ ಇದೆ. ಮಾಡೆಲ್ ಬೋಟುಗಳಿಗೆ ಅಂತಲೇ 1904ರಲ್ಲಿ ಮಾಡಿದ್ದು. ಭಾನುವಾರ ಮಗಳನ್ನು ಕರೆದುಕೊಂಡು ಹೋಗುತ್ತೇನೆ.

ನಿಮ್ಮ ಪ್ರಶ್ನೆ ಓದುವಾಗ ಒಂದು ನೆನಪಾಯಿತು. ರೇಡಿಯೋದಲ್ಲಿ ನಡೆಯುವ ಬೋಟನ್ನು ಜನರ ಮುಂದೆ ಮೊದಲು ತೋರಿಸಿದವರು ನಿಕೋಲಾ ಟೆಸ್ಲಾ. 1898, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಒಂದು ತೊಟ್ಟಿಯಲ್ಲಿ ನೀರು ತುಂಬಿ ಬಿಟ್ಟಿದ್ದರು. ಆ ಬೋಟಿನಲ್ಲೂ ದೀಪಗಳಿದ್ದವು, ದೂರದಿಂದಲೇ ಅವನ್ನು ಹಚ್ಚಿ ಆರಿಸುತ್ತಿದ್ದರು. ಅಂದರೆ ಆರ್‌ಸಿ ಬೋಟು ಹುಟ್ಟಿದ್ದೇ ದೀಪದ ಜೊತೆ.

ನಿಮ್ಮ ರಿಸೀವರಿನಲ್ಲಿ ಖಾಲಿ ಚಾನೆಲ್ ಇದ್ದರೆ ಆರ್‌ಸಿ ಸ್ವಿಚ್ ಅಂತ ಸಣ್ಣ ಬೋರ್ಡ್ ಸಿಗುತ್ತದೆ. ರಿಮೋಟಿನಿಂದಲೇ ಆ "ಎಳೆ" ದೀಪ ಹಚ್ಚಬಹುದು. ನಾನು ಹಾಕಿದ್ದೇನೆ, ಚೆನ್ನಾಗಿದೆ.

ತಿಪಟೂರು ಟಗ್

ಒಂಬತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಬೆಂಗಳೂರಿಗೆ ಬಂದಿದ್ದಾಗ ಎಸ್.ಪಿ. ರೋಡಿನಲ್ಲಿ ಎಲ್‌ಇಡಿ, ರೆಸಿಸ್ಟರ್, ಬಿಸಿ ಮಾಡಿದರೆ ವೈರಿಗೆ ಬಿಗಿಯಾಗಿ ಕೂರುವ ಹೀಟ್ ಶ್ರಿಂಕ್ ಕೊಳವೆ ಎಲ್ಲ ಸಿಕ್ಕಿತು. ವೈಂಡಿಂಗ್ ವೈರು ನಮ್ಮೂರಲ್ಲೇ ಸಿಕ್ಕಿತು, ನಿಜವಾಗಿಯೂ ದುಡ್ಡು ತೆಗೆದುಕೊಳ್ಳಲಿಲ್ಲ. ಹಳೇ ವೈರಿಗೆ ಕಟ್ಟಿ ಎಳೆದದ್ದು ಮೊದಲ ಸಲವೇ ಬಂತು.

ಮಾಸ್ಟ್ ಎರಡೂ ಉರಿಯುತ್ತಿವೆ. ಕೆಂಪು ಹಸಿರೂ ಉರಿಯುತ್ತಿವೆ, ಫೋಟೋ ಹಾಕಿದ್ದೇನೆ. ಹಿಂದಿನ ಬಿಳಿ ಮಾತ್ರ ಜಪ್ಪಯ್ಯ ಅಂದರೂ ಹತ್ತುತ್ತಿಲ್ಲ. ಎಲ್‌ಇಡಿ ಬದಲಾಯಿಸಿದೆ, ತಿರುಗಿಸಿ ಹಾಕಿದೆ. ಇಲ್ಲ.

ವೈಂಡಿಂಗ್ ಅಂಗಡಿ ದಾವಣಗೆರೆ

ಹಿಂದಕ್ಕೆ ಹೋಗುವ ವೈರು ಹಳೆಯದನ್ನೇ ಇಟ್ಟಿರಾ? ಸ್ವಿಚ್ಚಿನ ಹತ್ತಿರ ವೋಲ್ಟ್ ಬರುತ್ತಿದ್ದು, ದೀಪದ ಹತ್ತಿರ ಬರುತ್ತಿಲ್ಲ ಅಂದರೆ ನಡುವೆ ವೈರು ಹೋಗಿದೆ. ಒಂದು ತುದಿಯ ಸಿಪ್ಪೆ ಸುಲಿದು ನೋಡಿ.

ಮಲ್ಪೆ ಬೋಟು

ಹಿಂದಿನದು ಇರಲಿ, ಮುಂದಿನದು ನೋಡಿ. ಫೋಟೋದಲ್ಲಿ ಬೋಟಿನ ಮೂತಿ ನಮ್ಮ ಕಡೆ ಉಂಟು. ಆಗ ಕೆಂಪು ನಮ್ಮ ಬಲಗಡೆ ಕಾಣಬೇಕು. ನಿಮ್ಮದರಲ್ಲಿ ಎಡಗಡೆ ಉಂಟು.

ತಿಪಟೂರು ಟಗ್

ಎರಡೂ ಸರಿ. ಬೋಟನ್ನು ಮುಂದಿನಿಂದ ನೋಡುತ್ತಾ ಲೆನ್ಸ್ ಅಂಟಿಸಿದ್ದೆ, ಅದಕ್ಕೆ ಅದಲು ಬದಲಾಗಿದೆ. ಇವತ್ತು ಬಿಡಿಸಿ ಸರಿಮಾಡಿದೆ. ಹಿಂದಿನ ವೈರು ಸುಲಿದರೆ ಒಳಗೆ ತಾಮ್ರವೇ ಕಾಣಲಿಲ್ಲ, ಪೂರ್ತಿ ಕಿಲುಬು ಹಿಡಿದು ಹಸಿರು ಪುಡಿಯಾಗಿತ್ತು. ಮುಟ್ಟಿದರೆ ಉದುರಿತು. ಹೊಸದು ಎಳೆದೆ. ಹತ್ತಿತು!

ನೀರು ಒಳಗೆ ಹೋಗದ ಹಾಗೆ ಸಿಲಿಕೋನ್ ಹಚ್ಚಬಹುದಾ?

ಲ್ಯಾಬ್ ಟೀಚರ್

ಹಚ್ಚಬಹುದು, ಆದರೆ ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ. ಒಣಗುವಾಗ ಅದರಿಂದ ಅಸಿಟಿಕ್ ಆಮ್ಲ ಬಿಡುತ್ತದೆ, ಮತ್ತೆ ಅದೇ ಕಿಲುಬು. ನ್ಯೂಟ್ರಲ್ ಕ್ಯೂರ್ ಅಂತ ಬರೆದದ್ದು ಕೇಳಿ.

ಇನ್ನೊಂದು ಮಾತು. ದೀಪದ ಲೈನನ್ನು ನೇರ ಬ್ಯಾಟರಿಯಿಂದ ತೆಗೆದಿದ್ದೀರಿ. ಬ್ಯಾಟರಿ ಇಳಿದಾಗ ಮೋಟಾರನ್ನು ಕಂಟ್ರೋಲರ್ ನಿಲ್ಲಿಸುತ್ತದೆ, ದೀಪವನ್ನು ಯಾರೂ ನಿಲ್ಲಿಸುವುದಿಲ್ಲ. ರಾತ್ರಿ ಸ್ವಿಚ್ ಮರೆತು ಮಲಗಿದರೆ ದೀಪ ಉರಿಯುತ್ತಾ ಉರಿಯುತ್ತಾ ಸೆಲ್ 3 ವೋಲ್ಟಿಗಿಂತ ಕೆಳಗೆ ಹೋಗಿ ಲಿಪೋ ಹಾಳಾಗುತ್ತದೆ. ಆಟ ಮುಗಿದ ಕೂಡಲೇ ಬ್ಯಾಟರಿ ಕಳಚಿಡಿ.

ಬೇ ಏರಿಯಾ ಕನ್ನಡಿಗ

ತೂಕ ನೋಡಿದಿರಾ? ಆ ಲೆಡ್ ಬ್ಯಾಟರಿ ಮುಕ್ಕಾಲು ಕೆಜಿ ಹತ್ತಿರ ಇರುತ್ತದೆ. ಲಿಪೋ ಅದರ ಕಾಲು ಭಾಗವೂ ಇಲ್ಲ. ಬೋಟು ನೀರಿನ ಮೇಲೆ ಎತ್ತರ ಕೂತರೆ ತಿರುವಿನಲ್ಲಿ ವಾಲುತ್ತದೆ. ಹಳೇ ಬ್ಯಾಟರಿ ಇದ್ದ ಜಾಗದಲ್ಲೇ, ಆದಷ್ಟು ತಳಕ್ಕೆ, ಅಷ್ಟು ತೂಕ ಇಡಿ.

ತಿಪಟೂರು ಟಗ್

ನಿಜ, ದೊಡ್ಡ ಟಬ್ಬಿನಲ್ಲಿ ಬಿಟ್ಟಾಗ ನೀರಿನ ಮಟ್ಟಕ್ಕೆ ಇರಬೇಕಾದ ಕೆಂಪು ಪಟ್ಟಿ ಎರಡು ಬೆರಳು ಮೇಲಿತ್ತು. ಅರ್ಧ ಕೆಜಿ ತಕ್ಕಡಿ ಬಟ್ಟು ಬಟ್ಟೆಯಲ್ಲಿ ಸುತ್ತಿ ತಳಕ್ಕೆ ಕಟ್ಟಿದೆ, ಸರಿಹೋಯಿತು.

ಕೆರೆಯಲ್ಲಿ ಈಗ ಬರೀ ಜೊಂಡು. ನಮ್ಮ ತೋಟದ ಕೃಷಿ ಹೊಂಡದಲ್ಲೇ ಬಿಡೋಣ ಅಂತಿದ್ದೇವೆ.

ವೈಂಡಿಂಗ್ ಅಂಗಡಿ ದಾವಣಗೆರೆ

ಹೊಂಡಕ್ಕೆ ಟಾರ್ಪಾಲ್ ಹಾಸಿದ್ದರೆ ತುಂಬಾ ಹುಷಾರು ಸರ್. ಪಾಚಿ ಹಿಡಿದ ಟಾರ್ಪಾಲಿನ ಮೇಲೆ ಕಾಲಿಟ್ಟರೆ ಹಿಡಿಯಲು ಏನೂ ಸಿಗುವುದಿಲ್ಲ, ಈಜು ಬರುವವರೂ ಮೇಲೆ ಹತ್ತಲಾಗದೆ ಹೋಗಿದ್ದಾರೆ. ಬೋಟು ನಡುವೆ ನಿಂತರೆ ಯಾರೂ ಇಳಿಯಬೇಡಿ. ಮಕ್ಕಳನ್ನು ಬೇಲಿಯ ಆಚೆ ನಿಲ್ಲಿಸಿ. ಒಂದು ಟೆನಿಸ್ ಚೆಂಡಿಗೆ ಮೀನಿನ ಗಾಳದ ದಾರ ಕಟ್ಟಿ ಇಟ್ಟುಕೊಳ್ಳಿ. ಬೋಟಿನಾಚೆಗೆ ಎಸೆದು ನಿಧಾನ ಎಳೆದರೆ ದಾರಕ್ಕೆ ಸಿಕ್ಕಿ ಬೋಟು ದಡಕ್ಕೆ ಬರುತ್ತದೆ. ಒಂದು ಉದ್ದದ ಹಗ್ಗವೂ ಮರಕ್ಕೆ ಕಟ್ಟಿ ನೀರಿಗೆ ಬಿಟ್ಟಿರಿ.

ತಿಪಟೂರು ಟಗ್

ನಿನ್ನೆ ರಾತ್ರಿ ಬಿಟ್ಟೆವು. ಹಗ್ಗ, ಚೆಂಡು ಎರಡೂ ಇಟ್ಟುಕೊಂಡಿದ್ದೆವು, ಬೇಕಾಗಲಿಲ್ಲ.

ಬೋಟಿನಲ್ಲಿ ದೀಪ ನೋಡಿ ಚಿಕ್ಕಪ್ಪ ಮೊದಲು ಕೇಳಿದ್ದೇ "ಎಳೆ ಸ್ವಿಚ್ ಹಾಕಿದೀಯೇನೋ?" ಅಂತ. ಒಣಗಿದ ತೆಂಗಿನಕಾಯಿ ಆರು ಬಲೆಚೀಲಕ್ಕೆ ತುಂಬಿ ಬೋಟಿನ ಹಿಂದಿನ ಕೊಕ್ಕೆಗೆ ಕಟ್ಟಿದೆವು. ಮಾಸ್ಟಿನಲ್ಲಿ ಎರಡನೇ ಬಿಳಿ, ಹಿಂದೆ ಹಳದಿ ಹಚ್ಚಿದೆ. ರಿಮೋಟ್ ಅವರ ಕೈಗೆ ಕೊಟ್ಟೆ. ಅವರಿಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ, ಬೋಟಿನ ಆಕಾರ ಕಾಣುತ್ತಿರಲಿಲ್ಲ. ಆದರೆ "ಕೆಂಪು ಕಾಣ್ತಿದೆ, ಎಡಕ್ಕೆ ಹೋಗ್ತಿದೆ. ಈಗ ಎರಡೂ ಬಂತು, ನಮ್ಮ ಕಡೆ ತಿರುಗಿತು" ಅಂತ ಹೇಳುತ್ತಲೇ ಹೊಂಡದ ಸುತ್ತ ನಾಲ್ಕು ಸುತ್ತು ತಂದರು. ಎಲ್ಲೂ ದಡಕ್ಕೆ ತಾಗಲಿಲ್ಲ.

ಈಗ ಚಾಲಕನ ಕೋಣೆಯ ಮೇಲೆ ಸರ್ಚ್ ಲೈಟ್ ಬೇಕಂತೆ. ಅದಕ್ಕೆ ಎಷ್ಟು ಓಮ್ ಹಾಕಲಿ ಮೇಡಂ?

ಲ್ಯಾಬ್ ಟೀಚರ್

ಓದಿ ತುಂಬಾ ಸಂತೋಷವಾಯಿತು. 5 ಮಿಲಿಮೀಟರಿನ ಬಿಳಿ ಎಲ್‌ಇಡಿ, ಪಾರದರ್ಶಕ ತಲೆಯದು ತನ್ನಿ. 330 ಓಮ್, ಕಿತ್ತಳೆ ಕಿತ್ತಳೆ ಕಂದು. ಸುಮಾರು 16 ಮಿಲಿಆಂಪ್ ಹೋಗುತ್ತದೆ, ಸಾಕು. ಇದರ ತಲೆ ಮಾತ್ರ ಉಜ್ಜಬೇಡಿ. ಬೆಳಕು ನೇರ ಹೋಗಬೇಕು.